‘ಯೇಸು ಮಾಡತೊಡಗಿದ್ದು’: ಆರ್ಖೊಮಾಯ್ ಎಂಬ ಗ್ರೀಕ್ ಕ್ರಿಯಾಪದಕ್ಕೆ ಎಷ್ಟು ಒತ್ತು ಕೊಡಬೇಕು?

ಬೈಬಲಿನ ಹೊಸ ಒಡಂಬಡಿಕೆಯ ಪುಸ್ತಕವಾದ ಅಪೊಸ್ತಲರ ಕೃತ್ಯಗಳು 1:1ರಲ್ಲಿ (1ನೇ ಅಧ್ಯಾಯ, 1ನೇ ವಚನ) ಯೇಸು ‘ಮಾಡಲು ಮತ್ತು ಬೋಧಿಸಲು ಆರಂಭಿಸಿದ’ ಎಂಬ ಮಾತಿದೆ. ಆರಂಭಿಸಿದ ಅಂದರೆ ಮುಗಿಸಲಿಲ್ಲ, ಆ ಕೆಲಸ ಈಗಲೂ ಸಭೆಯ, ಅಂದರೆ ಕ್ರೈಸ್ತ ಸಮುದಾಯದ ಮೂಲಕ ನಡೆಯುತ್ತಿದೆ ಅಂತ ಚರ್ಚಿನ ಪ್ರಸಂಗದಲ್ಲಿ ಕೇಳಿದ್ದೀರಿ. ಮೂಲ ಗ್ರೀಕ್ ಪದದಲ್ಲೇ ಆ ಅರ್ಥ ಇದೆಯಾ ಅನ್ನೋದು ನಿಮ್ಮ ಪ್ರಶ್ನೆ. ಆ ಪದವೊಂದರಿಂದಲೇ ಅಷ್ಟು ಅರ್ಥ ಹೊರಡಿಸಲು ಆಗುವುದಿಲ್ಲ ಎಂದು ನನಗೆ ಅನಿಸುತ್ತದೆ.

ಪದದ ಮೂಲ ರೂಪ ಆರ್ಖೋ. ಈ ರೂಪದಲ್ಲಿ ಅದರ ಅರ್ಥ ‘ಆಳು, ಆಳ್ವಿಕೆ ನಡೆಸು’. ಹೊಸ ಒಡಂಬಡಿಕೆಯಲ್ಲಿ ಈ ಅರ್ಥ ಬರುವುದು ಎರಡೇ ಕಡೆ: ಮಾರ್ಕ 10:42 ಮತ್ತು ರೋಮಾಪುರದವರಿಗೆ 15:12. ಉಳಿದ ಕಡೆಯೆಲ್ಲ ಆರ್ಖೊಮಾಯ್ ಎಂಬ ರೂಪ, ಅಂದರೆ ‘ಶುರು ಮಾಡು, ತೊಡಗು’. ಸಾಮಾನ್ಯವಾಗಿ ಇದರ ಜೊತೆ ಇನ್ನೊಂದು ಕ್ರಿಯಾಪದ ಇರುತ್ತದೆ: ಬೋಧಿಸಲು ತೊಡಗಿದ, ಬೇಡಿಕೊಳ್ಳಲು ತೊಡಗಿದರು, ಹೀಗೆ.

ಮಾರ್ಕನಿಗೆ ಈ ಪದ ತುಂಬಾ ಇಷ್ಟ. ಯೇಸುವಿನ ಕಥೆ ಹೇಳುವ ಅವನ ಪುಟ್ಟ ಸುವಾರ್ತೆಯಲ್ಲಿ 25ಕ್ಕೂ ಹೆಚ್ಚು ಸಲ ಬರುತ್ತದೆ. 10:28 ನೋಡಿ. ಐಶ್ವರ್ಯವಂತ ಬೇಸರದಿಂದ ಹೊರಟುಹೋದ ಮೇಲೆ, ‘ನಾವು ಎಲ್ಲವನ್ನೂ ಬಿಟ್ಟು ನಿನ್ನ ಹಿಂದೆ ಬಂದಿದ್ದೇವೆ’ ಎಂದು ಪೇತ್ರ ‘ಹೇಳತೊಡಗಿದ’ ಅಂತ ಮಾರ್ಕ ಬರೆಯುತ್ತಾನೆ. ಅದೇ ಮಾತು ಮತ್ತಾಯ 19:27ರಲ್ಲೂ ಲೂಕ 18:28ರಲ್ಲೂ ಇದೆ. ಅಲ್ಲಿ ಪೇತ್ರ ಸುಮ್ನೆ ‘ಹೇಳಿದ’, ಅಷ್ಟೇ. ಅರ್ಥವೇನೂ ಕಡಿಮೆಯಾಗಲಿಲ್ಲ, ಅಲ್ವಾ? ಇದು ಅರಾಮಿಕ್ ಭಾಷೆಯಲ್ಲಿ ಕಥೆ ಹೇಳುವ ರೀತಿಯ ಪ್ರಭಾವ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಕನ್ನಡದಲ್ಲೂ ‘ಮಗು ಅಳತೊಡಗಿತು’ ಎಂದಾಗ ಆರಂಭದ ಕಡೆಗೆ ಯಾರೂ ಬೆರಳು ತೋರಿಸುತ್ತಿರುವುದಿಲ್ಲ.

ಹಾಗಂತ ಎಲ್ಲ ಕಡೆ ಹಗುರ ಎಂದುಕೊಳ್ಳಬೇಡಿ. ಲೂಕ 14:30ರಲ್ಲಿ ಗೋಪುರ ಕಟ್ಟಲು ಹೊರಟವನನ್ನು ಜನ ಗೇಲಿ ಮಾಡುತ್ತಾರೆ: ಇವನು ಕಟ್ಟಲು ಶುರು ಮಾಡಿದ, ಮುಗಿಸಲಾರದೆ ಹೋದ. ‘ಶುರು’ವಿನ ಎದುರಿಗೇ ‘ಮುಗಿಸು’ ಇದೆ, ಹಾಗಾಗಿ ಪದಕ್ಕೆ ಪೂರ್ತಿ ತೂಕ. ಮತ್ತಾಯ 4:17 ಮತ್ತು 16:21ರಲ್ಲಿ ‘ಅಂದಿನಿಂದ’ ಎಂಬ ಮಾತು ಜೊತೆಗಿದೆ. ಎರಡೂ ಕಡೆ ಕಥೆ ನಿಜವಾಗಿಯೂ ತಿರುವು ಪಡೆಯುತ್ತದೆ. ಗೆತ್ಸೆಮನೆ ತೋಟದ ಸನ್ನಿವೇಶವೂ (ಮಾರ್ಕ 14:33) ನನ್ನ ಮಟ್ಟಿಗೆ ಹಾಗೆಯೇ. ಮೂವರು ಶಿಷ್ಯರನ್ನು ಜೊತೆಗೆ ಕರೆದುಕೊಂಡು ಹೋದಾಗ ಯೇಸು ‘ಕಳವಳಪಡತೊಡಗಿದ’. ಆ ಸಂಕಟ ಅಲ್ಲಿ ಹತ್ತಿಕೊಂಡಿತು ಎಂಬುದು ಮುಖ್ಯ. ಅದನ್ನು ‘ಕಳವಳಪಟ್ಟ’ ಎಂದು ಅನುವಾದಿಸಿದರೆ ನನಗೆ ಒಪ್ಪಿಗೆಯಾಗುವುದಿಲ್ಲ.

ಈಗ ನಿಮ್ಮ ವಚನ. ಅಪೊಸ್ತಲರ ಕೃತ್ಯಗಳು 1:1ರಲ್ಲಿ ನಿಲ್ಲಿಸದೆ ಮುಂದಕ್ಕೆ ಓದಿ. ವಾಕ್ಯ ‘ಮೇಲಕ್ಕೆ ಒಯ್ಯಲ್ಪಟ್ಟ ದಿನದವರೆಗೆ’ ಎಂದು 2ನೇ ವಚನಕ್ಕೆ ಹೋಗುತ್ತದೆ. ಅದೇ ಅಧ್ಯಾಯದ 22ನೇ ವಚನದಲ್ಲಿ, ಯೇಸುವಿಗೆ ದ್ರೋಹ ಮಾಡಿದ ಶಿಷ್ಯ ಯೂದನ ಜಾಗಕ್ಕೆ ಒಬ್ಬನನ್ನು ಆರಿಸುವಾಗ, ಅದೇ ಕ್ರಿಯಾಪದ ಮತ್ತೆ ಬರುತ್ತದೆ: ಯೋಹಾನನ ದೀಕ್ಷಾಸ್ನಾನದಿಂದ ಮೊದಲುಗೊಂಡು, ಯೇಸು ಮೇಲಕ್ಕೆ ಒಯ್ಯಲ್ಪಟ್ಟ ದಿನದವರೆಗೆ. ಒಂದೇ ಅಧ್ಯಾಯ, ಒಂದೇ ಅಳತೆ. ಹಾಗಾಗಿ 1:1ನ್ನು ‘ಯೇಸು ಮೊದಲಿನಿಂದ ಮಾಡಿದ್ದು, ಬೋಧಿಸಿದ್ದು’ ಎಂದು ಓದುವುದೇ ನನಗೆ ಸರಿ ಕಾಣುತ್ತದೆ. ಈ ಪುಸ್ತಕವನ್ನೂ ಬರೆದ ಲೂಕ, ತನ್ನ ಮೊದಲ ಪುಸ್ತಕವಾದ ಸುವಾರ್ತೆಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ಬರೆದೆ ಎಂದು ಇಲ್ಲಿ ಹೇಳುತ್ತಿದ್ದಾನೆ.

ನಿಮಗೆ ಪ್ರಸಂಗ ಮಾಡಿದವರ ನಂಬಿಕೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಆಧಾರ ಮಾತ್ರ ಬೇರೆ ಕಡೆ ಇದೆ. ಅದೇ ಪುಸ್ತಕದ 9:34 ತೆಗೆಯಿರಿ. ಲುದ್ದದಲ್ಲಿ ಎಂಟು ವರ್ಷದಿಂದ ಹಾಸಿಗೆ ಹಿಡಿದಿದ್ದ ಐನೇಯನಿಗೆ ಪೇತ್ರ ‘ಯೇಸು ಕ್ರಿಸ್ತನು ನಿನ್ನನ್ನು ಗುಣಪಡಿಸುತ್ತಾನೆ, ಎದ್ದೇಳು’ ಅನ್ನುತ್ತಾನೆ. ಕ್ರಿಯಾಪದ ವರ್ತಮಾನದಲ್ಲಿದೆ, ಕರ್ತೃ ಯೇಸು. ಅವರು ಹೇಳಬೇಕಾದದ್ದಕ್ಕೆ ಈ ವಚನ ಸಾಕು.