ಇಬ್ಬರೇ ಊಟಕ್ಕೆ ಎಲ್ಲಿ ಹೋಗೋಣ?

ಪ್ರಶ್ನೆ: ಮದುವೆಯಾಗಿ 6 ವರ್ಷ. ಮಗುವನ್ನು ಅವ್ವನ ಹತ್ತಿರ ಬಿಟ್ಟು ಇಬ್ಬರೇ ಊಟಕ್ಕೆ ಹೋಗಬೇಕು. ದೊಡ್ಡ ಹೋಟೆಲ್ ಬೇಡ. ಹೇಗೆ ಆರಿಸಲಿ?
– ಓದುಗ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತಮ್ಮಾ, ಮನೆ ಹತ್ತಿರದ್ದನ್ನೇ ನೋಡು. ಮೊದಲೇ ಒಮ್ಮೆ ಹೋಗಿ ಚಹಾ ಕುಡಿ. ಟಿವಿ, ಹಾಡಿನ ಸದ್ದು ಜಾಸ್ತಿ ಇದ್ದರೆ ಸುಮ್ನೆ ಎದ್ದು ಬಾ. ನಮ್ಮ ಮದುವೆ ದಿನದ ಊಟಕ್ಕೆ ಒಂದು ಕಡೆ ಹೋಗಿದ್ದೆವು. ಸ್ಪೀಕರ್ ಕೆಳಗೇ ಜಾಗ. ನನ್ನಾಕೆ ಹೇಳಿದ್ದು ಒಂದೂ ಕೇಳಿಸಲಿಲ್ಲ. ಆ ಬೇಸರ ಇನ್ನೂ ಇದೆ.

ಭಾನುವಾರ ಬೇಡ, ಬುಧವಾರ 7.30ಕ್ಕೇ ಹೋಗಿ. ಅದಕ್ಕೂ ಮೊದಲು ಉಣಕಲ್ ಕೆರೆ ದಂಡೆಯಲ್ಲಿ ಸೂರ್ಯ ಮುಳುಗೋದು ನೋಡಿ. ಪಾಸ್ತಾನೇ ತಿನ್ನಬೇಕು ಅಂತಿಲ್ಲ, ಅಲ್ವಾ? ಗದ್ದಲವಿಲ್ಲದ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಸಾಕು. ಮೂಲೆಯ ಟೇಬಲ್ ಬೇಕೆಂದು ಹಿಂದಿನ ದಿನವೇ ಹೇಳಿಡು.