‘ರೋಗಿ ಪತ್ತೆ’ ಅಂತ ಬರೆದರೆ ಯಾರು ಬಾಯಿ ಬಿಡ್ತಾರೆ?

ಪ್ರಶ್ನೆ: ನಾನು ಬೆಂಗಳೂರಿನ ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಸೆಕ್ರೆಟರಿ. ಕಳೆದ ಮಳೆಗಾಲದಲ್ಲಿ ಇಲ್ಲಿ ಒಬ್ಬರಿಗೆ ಡೆಂಗ್ಯೂ ಬಂತು. ವಾಟ್ಸಾಪ್ ಗ್ರೂಪಿಗೆ ಹೀಗೆ ಹಾಕಿದೆ: ‘ಎಚ್ಚರ!! ಬಿ ಬ್ಲಾಕ್‌ನಲ್ಲಿ ಡೆಂಗ್ಯೂ ರೋಗಿ ಪತ್ತೆ. ನಿರ್ಲಕ್ಷ್ಯ ಮಾಡಿದರೆ ಸಾವು ಖಚಿತ. ನೀರು ನಿಲ್ಲಿಸಿದವರಿಗೆ ದಂಡ.’ ಆ ಮನೆಯವರು ನನ್ನ ಜೊತೆ ಮಾತು ಬಿಟ್ಟರು. ಅವರ ಮನೆಕೆಲಸದಾಕೆಯನ್ನು ಬೇರೆಯವರು ಒಳಗೆ ಸೇರಿಸಲಿಲ್ಲ. ಇನ್ನಿಬ್ಬರಿಗೆ ಜ್ವರ ಬಂದಿದ್ದು ಗೊತ್ತಾಗಿದ್ದೇ ವಾಸಿಯಾದ ಮೇಲೆ. ಹೆದರಿಸದೆ ಹೇಳಿದರೆ ಜನ ಕೇಳ್ತಾರಾ?

ಉತ್ತರ: ಕೇಳ್ತಾರೆ ಸ್ವಾಮಿ, ಏನು ಮಾಡಬೇಕು ಅಂತ ಹೇಳಿದರೆ. ನಿಮ್ಮ ಮೆಸೇಜ್‌ನಲ್ಲಿ ರೋಗಿ ಇದ್ದಾರೆ, ಸಾವಿದೆ, ದಂಡವಿದೆ, ಮಾಡೋ ಕೆಲಸ ಒಂದೂ ಇಲ್ಲ. ಹೆದರಿದವರಿಗೆ ದಾರಿ ಕಾಣದಿದ್ದರೆ ‘ನಮಗೇನಾಗುತ್ತೆ ಬಿಡ್ರೀ’ ಅಂತ ಸುಮ್ನಾಗ್ತಾರೆ, ಇಲ್ಲಾ ಯಾರನ್ನಾದರೂ ದೂರ ಇಡ್ತಾರೆ, ಇಲ್ಲಾ ತಮ್ಮ ಜ್ವರವನ್ನೇ ಮುಚ್ಚಿಡ್ತಾರೆ. ಪಾಪ, ಆ ಕೆಲಸದಾಕೆ ಏನು ಮಾಡಿದ್ದರು?

1953ರಲ್ಲೇ ಅಮೆರಿಕದಲ್ಲಿ ಜಾನಿಸ್ ಮತ್ತು ಫೆಶ್‌ಬಾಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿದ್ದರು. ಹೈಸ್ಕೂಲ್ ಮಕ್ಕಳಿಗೆ ಹಲ್ಲಿನ ಆರೈಕೆ ಬಗ್ಗೆ ಪಾಠ. ಕೊಳೆತ ಹಲ್ಲು, ಕೆಟ್ಟ ವಸಡು ತೋರಿಸಿ ಹೆದರಿಸಿದ ಗುಂಪು ಜಾಸ್ತಿ ಗಾಬರಿಯಾಯಿತು, ಆದರೆ ಮೆತ್ತಗೆ ಹೇಳಿಸಿಕೊಂಡ ಗುಂಪೇ ಹೇಳಿದ್ದನ್ನು ಜಾಸ್ತಿ ಪಾಲಿಸಿತು. ಹಾಗಂತ ಹೆದರಿಕೆ ಪೂರ್ತಿ ವ್ಯರ್ಥ ಅಂತಲ್ಲ. ‘ಇದನ್ನು ಮಾಡಿ, ಪಾರಾಗ್ತೀರಿ, ನಿಮ್ಮ ಕೈಲಾಗುತ್ತೆ’ ಅನ್ನೋ ಮಾತು ಪಕ್ಕದಲ್ಲೇ ಇದ್ದರೆ ಅದೂ ಕೆಲಸ ಮಾಡುತ್ತೆ ಅಂತ ನಂತರದ ಅಧ್ಯಯನಗಳು ಹೇಳಿವೆ.

ಕೊರೊನಾ ಕಾಲ ನೆನಪಿದೆಯಲ್ವಾ? 2020ರ ಜುಲೈನಲ್ಲಿ ಇದೇ ಊರಿನಲ್ಲಿ ಫ್ಲಾಟ್‌ಗಳ ಬಾಗಿಲಿಗೆ ತಗಡಿನ ಶೀಟ್ ಹೊಡೆದು, ಆಮೇಲೆ ಪಾಲಿಕೆ ಕಮಿಷನರ್ ಕ್ಷಮೆ ಕೇಳಬೇಕಾಯಿತು. ಸೋಂಕಿತರ ಮನೆ ಮುಂದೆ ಪೋಸ್ಟರ್ ಅಂಟಿಸಿದರೆ ಜನ ಅವರನ್ನು ಅಸ್ಪೃಶ್ಯರಂತೆ ಕಾಣ್ತಾರೆ ಅಂತ ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ‘ಬಿ ಬ್ಲಾಕ್‌ನಲ್ಲಿ ರೋಗಿ ಪತ್ತೆ’ ಅನ್ನೋದೂ ಒಂದು ಪೋಸ್ಟರೇ. ಕಳ್ಳ ಸಿಕ್ಕಿಬಿದ್ದ ಹಾಗಿದೆ, ಓದಿ ನೋಡಿ.

‘ಸಾವು ಖಚಿತ’ ಅನ್ನೋದಂತೂ ಶುದ್ಧ ಸುಳ್ಳು. ಡೆಂಗ್ಯೂ ಬಂದವರಲ್ಲಿ ಬಹಳಷ್ಟು ಜನ ಗುಣವಾಗ್ತಾರೆ. ದಂಡ ನಿಜ, 2024ರಲ್ಲಿ ಸರ್ಕಾರ ನಿಯಮ ತಂದಿದೆ, ನಗರದ ಮನೆಗಳಿಗೆ 400 ರೂಪಾಯಿ. ಆದರೆ ಅದನ್ನೇ ಮುಂದಿಟ್ಟರೆ ಜನ ನೀರು ಚೆಲ್ಲಲ್ಲ, ಡ್ರಮ್ಮನ್ನು ಮರೆಗೆ ಸರಿಸ್ತಾರೆ.

ಮುಂದಿನ ಸಲ ಹೀಗೆ ಹಾಕಿ: ‘ನಮ್ಮಲ್ಲಿ ಒಬ್ಬರಿಗೆ ಡೆಂಗ್ಯೂ ಬಂದಿದೆ, ಚಿಕಿತ್ಸೆ ನಡೀತಿದೆ. ಇದು ಮುಟ್ಟಿದರೆ ಹರಡಲ್ಲ, ಸೊಳ್ಳೆಯಿಂದ ಹರಡುತ್ತೆ. ಭಾನುವಾರ ಬೆಳಗ್ಗೆ 10ಕ್ಕೆ ಎಲ್ಲರೂ ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಬಾಲ್ಕನಿಯ ಬಕೆಟ್ ನೋಡಿ, ನೀರು ಚೆಲ್ಲಿ ಉಜ್ಜಿ. ಜ್ವರ ಬಂದರೆ ನೋವಿನ ಮಾತ್ರೆ ನೀವಾಗೇ ನುಂಗಬೇಡಿ, ಡಾಕ್ಟರಿಗೆ ತೋರಿಸಿ. ಸಹಾಯ ಬೇಕಿದ್ದರೆ ನನಗೆ ಫೋನ್ ಮಾಡಿ.’ ಪ್ರತಿ ಭಾನುವಾರ ಇದನ್ನೇ ಮತ್ತೆ ಹಾಕಿ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಮೊಟ್ಟೆ ಪಾತ್ರೆಯ ಒಳಗೋಡೆಗೆ ಅಂಟಿಕೊಂಡಿರುತ್ತೆ, ಅದಕ್ಕೇ ಉಜ್ಜಬೇಕು.

ಆ ಮನೆಗೆ ಒಮ್ಮೆ ಹೋಗಿ ಬನ್ನಿ, ಫೋನಿನಲ್ಲಿ ಮುಗಿಸಬೇಡಿ.

ಪ್ರಶ್ನೆ: ಸಿಗರೇಟ್ ಪ್ಯಾಕ್ ಮೇಲೆ ಅಷ್ಟು ಭಯಂಕರ ಚಿತ್ರ ಇದ್ದರೂ ನಮ್ಮ ಚಿಕ್ಕಪ್ಪ ಬಿಡ್ತಿಲ್ಲ. ಅದೆಲ್ಲಾ ಸುಮ್ನೆನಾ?

ಉತ್ತರ: ಮೊದಲು ಒಂದು ವಿಷಯ ನೋಡಿ: ಚಿಕ್ಕಪ್ಪ ಪ್ಯಾಕ್ ತಗೋತಾರಾ, ಟೀ ಅಂಗಡೀಲಿ ಒಂದೊಂದೇ ತಗೋತಾರಾ? ನಮ್ಮ ರಾಜ್ಯದಲ್ಲಿ ಬಿಡಿ ಸಿಗರೇಟ್ ಮಾರುವಂತಿಲ್ಲ, ಆದರೂ ಮಾರ್ತಾರೆ. ಬಿಡಿ ಕೊಂಡವರಿಗೆ ಚಿತ್ರವೂ ಕಾಣಲ್ಲ, 2018ರಿಂದ ಪ್ಯಾಕ್ ಮೇಲೆ ಹಾಕ್ತಿರುವ ನಂಬರೂ ಕಾಣಲ್ಲ. ನನ್ನ ಪ್ರಕಾರ ಚಿತ್ರಕ್ಕಿಂತ ಆ ನಂಬರೇ ಮುಖ್ಯ: 1800-11-2356. ಬಿಡೋಕೆ ಸಹಾಯ ಮಾಡುವ ಉಚಿತ ಸಹಾಯವಾಣಿ. ಬೈಯದೆ ಕೊಡಿ.