ಎಂಟು ತಿಂಗಳಿಂದ ನಿದ್ದೆಗಾಗಿ ಆಲ್ಪ್ರಜೋಲಾಮ್ ತೆಗೆದುಕೊಳ್ಳುತ್ತಿದ್ದೇನೆ. ಮನಸ್ಸು ಗಟ್ಟಿ ಮಾಡಿ ಸೋಮವಾರದಿಂದ ಒಮ್ಮೆಲೇ ಬಿಟ್ಟುಬಿಡಬಹುದೇ? ನಡುವೆ ನಿದ್ದೆಗೆಂದು ಎರಡು ಪೆಗ್ ಹಾಕಿದರೆ ಆದೀತೇ?

ಸೋಮವಾರ ಎಂಬ ಪದ ಕಂಡ ಕೂಡಲೇ ಇದು ನನ್ನದೇ ಪ್ರಶ್ನೆ ಎನಿಸಿತು. ನಾನು ಆರಿಸಿಕೊಂಡಿದ್ದೂ ಸೋಮವಾರವನ್ನೇ.

ಕೆಲಸ ಕಳೆದುಕೊಂಡು, ರಾತ್ರಿಯೆಲ್ಲ ಎದೆ ಹೊಡೆದುಕೊಳ್ಳುತ್ತಿದ್ದ ದಿನಗಳಲ್ಲಿ ವೈದ್ಯರು ಎರಡು ವಾರದ ಮಟ್ಟಿಗೆಂದು ಅರ್ಧ ಮಿಲಿಗ್ರಾಮಿನ ಮಾತ್ರೆ ಬರೆದುಕೊಟ್ಟಿದ್ದರು. ಅದೇ ಚೀಟಿಯನ್ನು ಹಿಡಿದು ನಾನು ಒಂದೂವರೆ ವರ್ಷ ನುಂಗಿದೆ. ಅರ್ಧ ಒಂದಾಯಿತು, ಒಂದು ಒಂದೂವರೆ ಮಿಲಿಗ್ರಾಂ ಆಯಿತು. ಅಮಲೇರುತ್ತಿರಲಿಲ್ಲ, ನಡಿಗೆ ತಪ್ಪುತ್ತಿರಲಿಲ್ಲ, ಆದ್ದರಿಂದ ಇದು ಚಟವೆಂದು ನನಗೆ ಅನಿಸಿರಲೇ ಇಲ್ಲ. ಆದರೆ ಮಾತ್ರೆ ನುಂಗಿದ ಮೇಲೆ ನಡೆದದ್ದು ಮಿದುಳಿನಲ್ಲಿ ದಾಖಲಾಗುತ್ತಿರಲಿಲ್ಲ. ಒಂದು ರಾತ್ರಿ ತಂಗಿಯೊಡನೆ ಮುಕ್ಕಾಲು ಗಂಟೆ ಫೋನಿನಲ್ಲಿ ಮಾತನಾಡಿ, ಮರುದಿನ ಮತ್ತೆ ಕರೆ ಮಾಡಿ ಅದೇ ಸುದ್ದಿಯನ್ನು ಹೊಸದಾಗಿ ವಿಚಾರಿಸಿದೆ. ಆಚೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಆ ಮೌನಕ್ಕೆ ನಾಚಿ ಬಿಡಲು ತೀರ್ಮಾನಿಸಿದೆ.

ಸೋಮವಾರ ರಾತ್ರಿ ಸ್ಟ್ರಿಪ್ಪಿನಲ್ಲಿ ಉಳಿದಿದ್ದ ಹನ್ನೊಂದು ಮಾತ್ರೆಗಳನ್ನು ಒಂದೊಂದಾಗಿ ಒತ್ತಿ ತೆಗೆದು ಶೌಚಾಲಯಕ್ಕೆ ಹಾಕಿ ನೀರು ಬಿಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ, ಅದು ನಿರೀಕ್ಷಿಸಿದ್ದೇ. ಮಂಗಳವಾರ ಲೋಟಕ್ಕೆ ಚಮಚ ತಾಗಿದರೆ ತಲೆಯೊಳಗೆ ಬಡಿದಂತಾಗುತ್ತಿತ್ತು. ಅಂಗಿಯ ಕಾಲರು ಕತ್ತಿಗೆ ಮರಳುಕಾಗದದಂತೆ ಉಜ್ಜುತ್ತಿತ್ತು. ಬರೆಯಲು ಹೋದರೆ ಪೆನ್ನು ನಡುಗುತ್ತಿತ್ತು. ಇದೆಲ್ಲವನ್ನೂ ನಾನು ನನ್ನ ಸಂಕಲ್ಪಕ್ಕೆ ಒದಗಿದ ಪರೀಕ್ಷೆಯೆಂದು ತಿಳಿದೆ. ಕೈ ನಡುಗಿದಷ್ಟೂ ಒಳಗೊಳಗೇ ಬೀಗಿದೆ.

ತಪ್ಪಾದದ್ದು ಅಲ್ಲಿಯೇ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಿದುಳಿನ ನರಕೋಶಗಳ ಉದ್ರೇಕವನ್ನು ತಗ್ಗಿಸುವ ಮುಖ್ಯ ರಾಸಾಯನಿಕದ ಹೆಸರು ಗಾಬಾ. ಅದು ತನ್ನ ಗ್ರಾಹಕಕ್ಕೆ, ಅಂದರೆ ಕೋಶದ ಮೇಲೆ ಅದು ಅಂಟಿಕೊಳ್ಳುವ ತಾಣಕ್ಕೆ, ಬಂದು ಕೂತಾಗ ಒಂದು ದಾರಿ ತೆರೆದು ಕ್ಲೋರೈಡ್ ಅಯಾನುಗಳೆಂಬ ವಿದ್ಯುತ್ ಕಣಗಳು ಕೋಶದೊಳಕ್ಕೆ ಹರಿದು ಕೋಶ ಸುಮ್ಮನಾಗುತ್ತದೆ. ಆಲ್ಪ್ರಜೋಲಾಮ್ ಸೇರಿದಂತೆ ಬೆಂಜೊಡಯಜೆಪಿನ್ ಗುಂಪಿನ ಮಾತ್ರೆಗಳು ಆ ದಾರಿ ಹೆಚ್ಚು ಸಲ ತೆರೆದುಕೊಳ್ಳುವಂತೆ ಮಾಡುತ್ತವೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಮಿದುಳು ಅದಕ್ಕೆ ಹೊಂದಿಕೊಂಡು, ಗ್ರಾಹಕಗಳನ್ನು ಮಂದಗೊಳಿಸಿ, ಉದ್ರೇಕಿಸುವ ಗ್ಲುಟಮೇಟ್ ವ್ಯವಸ್ಥೆಯನ್ನು ಬಿರುಸಾಗಿಸಿ ಸಮತೋಲ ಕಂಡುಕೊಳ್ಳುತ್ತದೆ. ಸುಮಾರು 11 ಗಂಟೆಗೊಮ್ಮೆ ರಕ್ತದಲ್ಲಿ ಈ ಮಾತ್ರೆಯ ಪ್ರಮಾಣ ಅರ್ಧಕ್ಕಿಳಿಯುವುದರಿಂದ ಎರಡು ದಿನಗಳಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ಮಿದುಳು ಮಾಡಿಕೊಂಡ ಹೊಂದಾಣಿಕೆ ಸಡಿಲವಾಗಲು ಮಾತ್ರ ವಾರಗಳು, ತಿಂಗಳುಗಳೇ ಬೇಕು. ತಡೆಯುವವನು ಎರಡು ದಿನದಲ್ಲಿ ಹೊರಟುಹೋದ, ನುಗ್ಗುವವನು ಪೂರ್ತಿ ಬಲದಲ್ಲಿ ಉಳಿದ. ನಡುಗುವ ಕೈ ಹೇಳುತ್ತಿದ್ದುದು ಇದನ್ನೇ.

ಬುಧವಾರ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದುದು ನೆನಪಿದೆ. ಅನಂತರದ ನೆನಪೆಂದರೆ ಕೆನ್ನೆಗೆ ತಾಗಿದ್ದ ನೆಲದ ತಂಪು, ಬಾಯಲ್ಲಿ ರಕ್ತದ ರುಚಿ, ನನ್ನ ಹೆಸರೇನೆಂದು ಕೇಳುತ್ತಿದ್ದ ಹೆಂಡತಿ. ಹೆಸರು ನಾಲಿಗೆಗೆ ಬರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ನನಗೆ ಫಿಟ್ಸ್ ಬಂದಿತ್ತು; ನಾಲಿಗೆಯ ಅಂಚು ಹಲ್ಲಿಗೆ ಸಿಕ್ಕಿತ್ತು, ಬಲ ಭುಜದ ಕೀಲು ತಪ್ಪಿತ್ತು. ಆ ಭುಜ ಈಗಲೂ ಪೂರ್ತಿ ಮೇಲೇಳುವುದಿಲ್ಲ.

ಆದ್ದರಿಂದ ಮನಸ್ಸು ಗಟ್ಟಿ ಮಾಡುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ವೈದ್ಯರು ಹೇಳಿದಷ್ಟನ್ನೇ ತಪ್ಪದೆ ತೆಗೆದುಕೊಂಡವರಲ್ಲೂ, ಎಳ್ಳಷ್ಟೂ ಚಟವಿಲ್ಲದವರಲ್ಲೂ ಈ ದೈಹಿಕ ಅವಲಂಬನೆ ಬೆಳೆಯುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯವಾಗುವಂತಹ ಫಿಟ್ಸ್ ಬರಬಹುದೆಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಇಡೀ ಗುಂಪಿನ ಔಷಧಗಳಿಗೆ ಕಡ್ಡಾಯ ಮಾಡಿತು. ಮೊದಲ ಬೆಂಜೊಡಯಜೆಪಿನ್ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ಅರವತ್ತು ವರ್ಷ ಹಿಡಿಯಬೇಕಿತ್ತೇ ಎಂದು ನನಗೆ ಇಂದಿಗೂ ಸಿಟ್ಟು ಬರುತ್ತದೆ.

ನಡುವೆ ನಿದ್ದೆಗೆಂದು ಎರಡು ಪೆಗ್ ಹಾಕಿದರೆ ಆದೀತೇ ಎಂದೂ ಕೇಳಿದ್ದೀರಿ. ಖಂಡಿತ ಬೇಡ. ಮದ್ಯವೂ ಅದೇ ಗಾಬಾ ಗ್ರಾಹಕದ ಮೇಲೆಯೇ ಕೆಲಸ ಮಾಡುತ್ತದೆ, ಎರಡೂ ದೇಹದಲ್ಲಿ ಒಟ್ಟಿಗೆ ಸೇರಿದರೆ ಉಸಿರೇ ನಿಧಾನವಾಗುತ್ತದೆ.

ನನ್ನನ್ನು ಬಿಡಿಸಿದ್ದು ಬರಿಯ ನಿಧಾನ. ಅದೇ ಗುಂಪಿನ, ಆದರೆ ದೇಹದಿಂದ ತಡವಾಗಿ ಇಳಿಯುವ ಡಯಜೆಪಾಮಿಗೆ ವೈದ್ಯರು ನನ್ನನ್ನು ಬದಲಾಯಿಸಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇಕಡಾ ಐದರಿಂದ ಹತ್ತರಷ್ಟು ಇಳಿಸುತ್ತ ಬಂದರು. ನಡುಕ ಹೆಚ್ಚಿದಾಗ ಇಳಿಸದೆ ಅಲ್ಲಿಯೇ ನಿಲ್ಲಿಸಿದರು. ಹದಿನಾಲ್ಕು ತಿಂಗಳು ಬೇಕಾಯಿತು. ಕೊನೆಯ ಕಾಲು ಮಾತ್ರೆಯನ್ನು ಬ್ಲೇಡಿನಿಂದ ಸೀಳುವಾಗ ಅದು ಪುಡಿಯಾಗಿ ಬೆರಳಿಗಂಟುತ್ತಿತ್ತು, ಆ ಚೂರನ್ನು ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಇಂದು ರಾತ್ರಿಯ ಮಾತ್ರೆಯನ್ನು ಎಂದಿನ ಪ್ರಮಾಣದಲ್ಲೇ ತೆಗೆದುಕೊಳ್ಳಿ. ಸೋಮವಾರ ವೈದ್ಯರ ಬಳಿ ಹೋಗಿ, ಖಾಲಿ ಸ್ಟ್ರಿಪ್‌ಗಳನ್ನೂ ಒಯ್ಯಿರಿ, ಎಷ್ಟು ನುಂಗುತ್ತೀರಿ ಎಂದು ಕೇಳಿದಾಗ ನಿಜವಾದ ಲೆಕ್ಕವನ್ನೇ ಕೊಡಿ. ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗಲೂ ನಾನು ಒಂದೂವರೆಯನ್ನು ಅರ್ಧ ಎಂದೇ ಹೇಳಿದ್ದೆ.